ನೀಲಿ ಸುತ್ತಿನ ತೂತುಗಳು

ನಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗುಡ್ಡದ ಮೇಲಿನ ದೂರದರ್ಶಕದ ಆಫೀಸಿನಲ್ಲಿದ್ದಾಳೆ ಎಂದು ಅಮ್ಮ ಹೇಳುವಾಗ ಅವಳ ಧ್ವನಿ ತಾನಾಗಿಯೇ ಏರುತ್ತಿತ್ತು. ದೊಡ್ಡಪ್ಪ ಮಾತ್ರ ಕತ್ತರಿಯಿಂದ ತಲೆ ಎತ್ತದೆ, "ತೂತಿಗೆ ದಾರ ಹಾಕ್ತಾಳೆ. ಮದುವೆಯಾದಾಗಿಂದ ಅದೇ ಕೆಲಸ" ಎನ್ನುತ್ತಿದ್ದರು.

ಅದು ಪೂರ್ತಿ ತಮಾಷೆಯೇನೂ ಆಗಿರಲಿಲ್ಲ. ದೊಡ್ಡಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರು ಹೊಲಿದ ಅಂಗಿಗಳಿಗೆ ಕಾಜಾ ಮಾಡುವುದು, ಗುಂಡಿ ಹಾಕುವುದು, ಕುಪ್ಪಸಗಳಿಗೆ ಹುಕ್ಕು ಹೊಲಿಯುವುದು ಎಲ್ಲ ದೊಡ್ಡಮ್ಮನ ಪಾಲು. ಕರೆಂಟು ಹೋದರೂ ಅವಳ ಕೈ ನಿಲ್ಲುತ್ತಿರಲಿಲ್ಲ. ಸೂಜಿ ಬಟ್ಟೆಯ ಎಷ್ಟನೇ ಪದರದಲ್ಲಿದೆ ಎಂದು ಅವಳಿಗೆ ಬೆರಳೇ ಹೇಳುತ್ತಿತ್ತು. ಗುಡ್ಡದ ಆಫೀಸಿನವರು ತಟ್ಟೆ ಕೋಣೆಗೆ ಜನ ಬೇಕೆಂದು ಊರಿನಲ್ಲಿ ಹುಡುಕಿದಾಗ, ಬಂದವರ ಓದನ್ನು ಅವರು ಕೇಳಲಿಲ್ಲವಂತೆ. ಕಣ್ಣು ಮುಚ್ಚಿಸಿ, ಕೈಗೆ ಒಂದು ಸಣ್ಣ ಕಡ್ಡಿ ಕೊಟ್ಟು, ತೂತಿನೊಳಗೆ ಇಳಿಸಲು ಹೇಳಿ, ತಳ ಮುಟ್ಟಿತೆನಿಸಿದಾಗ ಹೇಳಿ ಎಂದರಂತೆ. ದೊಡ್ಡಮ್ಮ ಹೇಳಿದ್ದು ಪ್ರತಿ ಸಲವೂ ಸರಿಯಾಗಿತ್ತು.

ನಾನು ಅವರ ಮನೆಯಲ್ಲೇ ಇದ್ದೆ. ಇಲ್ಲಿ ಬರೆಯುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಹೆಚ್ಚಿನದನ್ನು ದೊಡ್ಡಮ್ಮ ಮತ್ತು ಅವಳ ಜೊತೆ ಕೆಲಸ ಮಾಡುವಾಕೆ ಹೇಳಿದ್ದು. ಇಬ್ಬರನ್ನೂ ಬೇರೆ ಬೇರೆ ಕೇಳಿ, ಹೊಂದಿದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮೊದಲು ಆ ಕೆಲಸ ಏನೆಂದು ಹೇಳಬೇಕು. ತಟ್ಟೆ ಎಂದರೆ ಅಲ್ಯೂಮಿನಿಯಂ ತಟ್ಟೆ. ತಬ್ಬಿ ಎತ್ತಿಕೊಳ್ಳಬೇಕಾದಷ್ಟು ಅಗಲ, ಕನ್ನಡಿಯ ಹಾಗೆ ನುಣುಪು, ಮೈತುಂಬ ತೂತು. ಒಂದು ತಟ್ಟೆ ಎಂದರೆ ಆಕಾಶದ ಒಂದು ತುಂಡು. ದೂರದರ್ಶಕವನ್ನು ಆ ತುಂಡಿನ ಕಡೆ ತಿರುಗಿಸಿದಾಗ ಯಾವ ಗ್ಯಾಲಕ್ಸಿಯ ಬೆಳಕು ಎಲ್ಲಿ ಬೀಳುತ್ತದೆಯೋ ಸರಿಯಾಗಿ ಅಲ್ಲಿ ಒಂದು ತೂತು ಕೊರೆದಿರುತ್ತಾರೆ. ಹಗಲಿನಲ್ಲಿ ತಟ್ಟೆ ಕೋಣೆಯವರು ಪ್ರತಿ ತೂತಿಗೂ ಒಂದೊಂದು ಗಾಜಿನ ಎಳೆಯನ್ನು ಕೈಯಿಂದಲೇ ಕೂರಿಸಬೇಕು. ಸಂಜೆ ತಟ್ಟೆಯನ್ನು ಅದರ ಪೆಟ್ಟಿಗೆಯ ಸಮೇತ ಮೇಲಕ್ಕೆ ಒಯ್ಯುತ್ತಾರೆ. ರಾತ್ರಿ ಬೆಳಕು ತೂತಿನಲ್ಲಿ ಇಳಿದು, ಎಳೆಯೊಳಗೆ ಹರಿದು, ಯಂತ್ರದಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ಓದುವವರು ಬೇರೆ.

ಎಳೆಯ ತುದಿಗೆ ಲೋಹದ ಸಣ್ಣ ಟೋಪಿ ಇರುತ್ತದೆ. ಆ ಟೋಪಿಯ ಅಂಚು ತಟ್ಟೆಗೆ ಒತ್ತಿ ಕೂರಬೇಕು. ಕೂತದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಬೆರಳ ತುದಿಗೆ ಒಂದು ಹಿಡಿತ ಸಿಗುತ್ತದೆ, ಅಷ್ಟೇ. ಹಿಡಿತ ಸಿಕ್ಕ ಕೂಡಲೇ ಆ ಕೋಣೆಯವರು ತಮ್ಮಷ್ಟಕ್ಕೆ "ಕೂತಿತು" ಎನ್ನುತ್ತಾರೆ. ಈ ಪದ್ಧತಿ ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಬಾಯಿಬಿಟ್ಟು ಹೇಳಬೇಕಾದಾಗ ಕೈ ಆತುರಪಡುವುದಿಲ್ಲ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಆಮೇಲೆ ಒಂದು ಕ್ಯಾಮೆರಾ ಯಾವ ಎಳೆ ಯಾವ ತೂತಿನಲ್ಲಿದೆ ಎಂದು ನೋಡಿಕೊಳ್ಳುತ್ತದೆ. ಎಳೆ ತೂತಿನಲ್ಲಿದ್ದರೆ ಸಾಕು, ಅದಕ್ಕೆ ತೃಪ್ತಿ. ಪೂರ್ತಿ ಕೂತಿದೆಯೋ ಇಲ್ಲವೋ ಎಂಬುದಕ್ಕೆ ಆ "ಕೂತಿತು" ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಒಂದು ತಟ್ಟೆಗೆ ಇಬ್ಬರು, ಎದುರುಬದುರು. ದೊಡ್ಡಮ್ಮನ ಎದುರು ಕೂರುತ್ತಿದ್ದಾಕೆಗೆ ಕೋಣೆಯಲ್ಲಿ ರೇಡಿಯೋ ಎಂದೇ ಹೆಸರು. ಬೆಳಿಗ್ಗೆ ವ್ಯಾನ್ ಹತ್ತುವಾಗ ಬಾಯಿ ತೆರೆದರೆ ಸಂಜೆ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ಗಂಡ, ಅತ್ತೆ, ಮೂಲೆ ಅಂಗಡಿಯ ತಕ್ಕಡಿ, ಯಾರದೋ ಮದುವೆಯ ಫೋಟೋ. ನಡುನಡುವೆ "ಕೂತಿತು", ಮತ್ತೆ ಗಂಡ. ದೊಡ್ಡಮ್ಮನಿಗಿಂತ ಚಿಕ್ಕವಳು, ಅಕ್ಕ ಎಂದು ಕರೆಯುತ್ತಿದ್ದಳು. ದೊಡ್ಡಮ್ಮ ಮಾತು ಕಡಿಮೆ. ಇಬ್ಬರೂ ಒಳ್ಳೆಯ ಜೋಡಿ ಎಂದು ಫೋರ್‌ಮನ್ ಹೇಳುತ್ತಿದ್ದರು. ಒಬ್ಬಳ ಪಾಲಿನ ಮಾತನ್ನೂ ಇನ್ನೊಬ್ಬಳೇ ಆಡುವುದರಿಂದ ಕೋಣೆಯ ಲೆಕ್ಕ ಸರಿಹೋಗುತ್ತದೆ ಎಂದು.

ಎಲ್ಲ ತೂತುಗಳೂ ಗ್ಯಾಲಕ್ಸಿಯವಲ್ಲ. ಕೆಲವಕ್ಕೆ ಸುತ್ತ ನೀಲಿ ಶಾಯಿಯ ಗುರುತು ಇರುತ್ತಿತ್ತು. ಅವು ಆಕಾಶದಲ್ಲಿ ಏನೂ ಇಲ್ಲದ ಜಾಗದ ಕಡೆ ನೋಡುವ ತೂತುಗಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವು ಹೋಲಿಸಿ ನೋಡುವುದಕ್ಕೆ, ಅವಕ್ಕೂ ಎಳೆ ಹಾಕಿ ಎಂದಷ್ಟೇ ಹೇಳಿದ್ದರು. ಯಾವುದಕ್ಕೆ ಹೋಲಿಸುವುದು, ಏಕೆ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಏನೂ ಇಲ್ಲದ್ದನ್ನು ನೋಡಲಿಕ್ಕೂ ಒಂದು ಎಳೆ ಇಡುವುದೆಂದರೆ ಇದು ಪಕ್ಕಾ ಸರ್ಕಾರಿ ಕೆಲಸವೇ ಎಂದು ರೇಡಿಯೋ ನಗುತ್ತಿದ್ದಳು.

ದೊಡ್ಡಮ್ಮನ ಬೆರಳು ಜೋಮು ಹಿಡಿಯಲು ಶುರುವಾದದ್ದು ಒಂದು ಚಳಿಗಾಲದಲ್ಲಿ. ಚಳಿಗೆ ಇರಬೇಕೆಂದು ಮೊದಲು ಅಂದುಕೊಂಡಳು. ಚಳಿ ಹೋಯಿತು, ಜೋಮು ಉಳಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಯಾರದೋ ಬೆರಳಿನ ಹಾಗಾದವು. ಸ್ನಾನದ ನೀರು ಬಿಸಿ ಇದೆಯೋ ನೋಡಲು ಎಡಗೈ ಅದ್ದುವುದನ್ನು ನಾನು ಕಂಡಿದ್ದೆ. ಅದೇಕೆಂದು ಆಗ ತಿಳಿಯಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ತಟ್ಟೆ ಕೋಣೆಯಲ್ಲಿ ಬೆರಳು ಹೋದವರಿಗೆ ಜಾಗವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಾಜಾ ಮಾಡುವುದು ಗಂಡನ ಅಂಗಡಿಯ ಕೆಲಸ. ತಟ್ಟೆ ಹಾಗಲ್ಲ. ವ್ಯಾನು ಮನೆಯ ಮುಂದೆ ನಿಂತು ಹಾರನ್ ಹೊಡೆಯುತ್ತಿದ್ದದ್ದು ಅವಳಿಗಾಗಿ. ಅದನ್ನು ಬಿಟ್ಟುಕೊಡುವುದು ಅವಳಿಂದ ಆಗಲಿಲ್ಲ.

ಹಾಗೆಂದು ಕಳ್ಳಕೆಲಸ ಮಾಡಲೂ ಮನಸ್ಸು ಬರಲಿಲ್ಲ. ಅವಳು ಯೋಚಿಸಿದಳು. ಗ್ಯಾಲಕ್ಸಿಯ ಎಳೆ ಸರಿಯಾಗಿ ಕೂರದಿದ್ದರೆ ಎಷ್ಟೋ ದೂರದಿಂದ ಬಂದ ಬೆಳಕು ಬಾಗಿಲಿನಲ್ಲೇ ಚೆಲ್ಲಿಹೋದಂತೆ. ಅದು ಆಗಬಾರದು. ನೀಲಿ ಸುತ್ತಿನ ತೂತಿನಲ್ಲಾದರೆ ಚೆಲ್ಲಲು ಏನೂ ಇಲ್ಲ. ಒಂದು ದಿನ ರೇಡಿಯೋಗೆ, ನೀನು ಗ್ಯಾಲಕ್ಸಿಗಳನ್ನು ನೋಡಿಕೋ, ನೀಲಿಯನ್ನೆಲ್ಲ ನಾನು ಹಾಕುತ್ತೇನೆ, ನನ್ನ ಕಣ್ಣಿಗೆ ಆ ಬಣ್ಣ ಬೇಗ ಸಿಗುತ್ತದೆ ಎಂದಳು. ರೇಡಿಯೋ, "ಖಾಲಿ ಜಾಗ ಎಲ್ಲ ನಿನ್ನ ಹೆಸರಿಗೆ ಬರ್ಕೊಂಡೆಯಾ ಅಕ್ಕ? ಆಗಲಿ, ಸೈಟು ಮಾಡಿ ಮಾರ್ಕೋ" ಎಂದು ನಕ್ಕು ಒಪ್ಪಿದಳು.

ಅಂದಿನಿಂದ ದೊಡ್ಡಮ್ಮ ತಟ್ಟೆಯ ಸುತ್ತ ಕುರ್ಚಿ ಸರಿಸಿಕೊಂಡು ನೀಲಿ ಸುತ್ತುಗಳನ್ನೆಲ್ಲ ಹುಡುಕಿ ಎಳೆ ಹಾಕಿದಳು. ಉಳಿದ ಸಮಯ ರೇಡಿಯೋಗೆ ಎಳೆಗಳನ್ನು ಬಿಡಿಸಿ ಕೊಡುತ್ತಿದ್ದಳು. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಸಾಕೆನಿಸುವಷ್ಟು ಒತ್ತುವಳು, ಹೆಚ್ಚು ಒತ್ತಿದರೆ ಗಾಜು ಮುರಿದೀತೆಂಬ ಭಯದಿಂದ ಅಲ್ಲಿಗೇ ಬಿಡುವಳು. ಬಾಯಿ ಮಾತ್ರ ಹಳೆಯ ರೂಢಿಯಂತೆ "ಕೂತಿತು" ಎನ್ನುತ್ತಿತ್ತು.

ಇದು ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ಮೇಡಂ ತಟ್ಟೆ ಕೋಣೆಗೆ ಬಂದರು.

ಎಳೆಗಳಿಂದ ಬಂದ ಬೆಳಕನ್ನು ಓದುವವರಲ್ಲಿ ಈ ಮೇಡಂ ಒಬ್ಬರು. ಇನ್ನೂ ಚಿಕ್ಕ ವಯಸ್ಸು. ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಬರುವುದು ಅಪರೂಪ. ಆ ದಿನ ಕೈಯಲ್ಲಿ ಒಂದು ಕೇಕು ಹಿಡಿದುಕೊಂಡೇ ಬಂದಿದ್ದರು. ಎಲ್ಲರನ್ನೂ ಕೂರಿಸಿ, ನಿಮ್ಮಿಂದಾದ ಕೆಲಸ ಏನೆಂದು ನಿಮಗೂ ಗೊತ್ತಿರಬೇಕು ಎಂದು ಹೇಳತೊಡಗಿದರು.

ಅವರು ಹುಡುಕುತ್ತಿದ್ದದ್ದು ಎಲ್ಲಕ್ಕಿಂತ ದೂರದ ಗ್ಯಾಲಕ್ಸಿಗಳ ಬೆಳಕನ್ನು. ದೂರದಿಂದ ಬಂದದ್ದೆಂದರೆ ಬಹಳ ಹಿಂದೆ ಹೊರಟದ್ದು. ಅದು ಹೊರಟಾಗ ನಮ್ಮ ಸೂರ್ಯನೂ ಇರಲಿಲ್ಲ, ಈ ನೆಲವೂ ಇರಲಿಲ್ಲ. ಆಗ ಲೋಕವೆಲ್ಲ ಒಂದು ಬಗೆಯ ಮಂಜಿನಿಂದ ತುಂಬಿತ್ತಂತೆ. ನೀರಿನ ಮಂಜಲ್ಲ, ತೆಳ್ಳಗಿನ ಅನಿಲದ್ದು. ಮೊದಮೊದಲು ಹುಟ್ಟಿದ ಗ್ಯಾಲಕ್ಸಿಗಳ ಬೆಳಕೇ ಆ ಮಂಜನ್ನು ನಿಧಾನವಾಗಿ ಕರಗಿಸಿತು. ಮಂಜಿರುವಾಗ ಹೊರಟ ಬೆಳಕನ್ನು ಬಿಡಿಸಿ ನೋಡಿದರೆ ಒಂದು ಜಾಗದಲ್ಲಿ ಬಣ್ಣಗಳೇ ಇರುವುದಿಲ್ಲ, ಕತ್ತಲೆ; ಅಲ್ಲಿಯ ಬೆಳಕನ್ನು ಮಂಜು ನುಂಗಿರುತ್ತದೆ. ಆ ಜಾಗದಲ್ಲಿ ಸ್ವಲ್ಪವಾದರೂ ಬೆಳಕು ಉಳಿದು ಬಂದಿದ್ದರೆ ಅಷ್ಟರಲ್ಲಿ ಮಂಜು ಕರಗತೊಡಗಿತ್ತು ಎಂದರ್ಥ. ಈ ವರ್ಷದ ತಟ್ಟೆಗಳಲ್ಲಿ, ಕತ್ತಲೆ ಇರಬೇಕೆಂದು ಎಲ್ಲರೂ ನಂಬಿದ್ದ ಕಡೆ ಮೇಡಂಗೆ ಬೆಳಕು ಕಂಡಿತ್ತು. ಒಂದರಲ್ಲಲ್ಲ, ಎಷ್ಟೋ ಗ್ಯಾಲಕ್ಸಿಗಳಲ್ಲಿ.

"ನಾವೆಲ್ಲ ಅಂದ್ಕೊಂಡಿದ್ದಕ್ಕಿಂತ ಬೇಗ ಬೆಳಗಾಗಿದೆ ಅಮ್ಮಾ" ಎಂದರಂತೆ ಮೇಡಂ. ಹೇಳುವಾಗ ಅವರ ಕಣ್ಣು ತುಂಬಿತ್ತು ಎಂದು ರೇಡಿಯೋ ಹೇಳುತ್ತಾಳೆ. ಸದ್ಯದಲ್ಲೇ ದೊಡ್ಡ ಸಭೆಯೊಂದರಲ್ಲಿ ಅವರು ಇದನ್ನು ಎಲ್ಲರ ಮುಂದೆ ಹೇಳುವವರಿದ್ದರು.

ಆಗ ರೇಡಿಯೋ ಸುಮ್ಮನಿರದೆ, ಅಷ್ಟು ಮಂಕು ಬೆಳಕು ಗ್ಯಾಲಕ್ಸಿಯದ್ದೇ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದರು ಮೇಡಂ. ನಮ್ಮ ತಲೆಯ ಮೇಲಿನ ಗಾಳಿಗೂ ಸ್ವಂತ ಬೆಳಕೊಂದಿದೆ, ಕಗ್ಗತ್ತಲಲ್ಲೂ ಅದು ಸಣ್ಣಗೆ ಬೆಳಗುತ್ತಿರುತ್ತದೆ, ಪ್ರತಿ ಎಳೆಯೊಳಗೂ ಗ್ಯಾಲಕ್ಸಿಯ ಬೆಳಕಿನ ಜೊತೆ ಅದೂ ಸೇರಿ ಬರುತ್ತದೆ ಎಂದರು. ಆಮೇಲೆ ಕೇಕಿನ ಡಬ್ಬಿಯನ್ನು ಕೈಯಲ್ಲಿ ತೂಗಿ ತೋರಿಸಿದರು.

"ತರಕಾರಿಯವನು ಬುಟ್ಟಿ ಸಮೇತ ತೂಗ್ತಾನಲ್ಲ, ಆಮೇಲೆ ಬರೀ ಬುಟ್ಟಿ ತೂಗಿ ಕಳೀತಾನೆ. ನೀಲಿ ಸುತ್ತಿನ ತೂತುಗಳು ಅಂದ್ರೆ ನನ್ನ ಬರೀ ಬುಟ್ಟಿ. ಅವು ಇಲ್ಲದೆ ನನ್ನ ಒಂದು ಗ್ಯಾಲಕ್ಸಿಯೂ ನಂಬೋಕಾಗಲ್ಲ."

ದೊಡ್ಡಮ್ಮನಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಬರೀ ಬುಟ್ಟಿಯ ತೂಕ ಕಡಿಮೆ ತೋರಿಸಿದರೆ ತರಕಾರಿ ಹೆಚ್ಚಾದಂತೆ ಕಾಣುತ್ತದೆ. ಅರ್ಧ ಕೂತ ಎಳೆಯೊಳಗೆ ಗಾಳಿಯ ಬೆಳಕು ಅರ್ಧವೇ ಹೋಗಿರುತ್ತದೆ. ಕಳೆಯಬೇಕಾದಷ್ಟು ಕಳೆಯದೆ ಉಳಿದದ್ದೇ ಮೇಡಂ ಕಂಡ ಬೆಳಕು. ಒಂದು ಗ್ಯಾಲಕ್ಸಿಯೂ ಕೆಡಬಾರದೆಂದು ಅವಳು ಖಾಲಿಯನ್ನು ಆರಿಸಿಕೊಂಡಿದ್ದಳು. ಖಾಲಿಯನ್ನು ಕೆಡಿಸಿ ತಟ್ಟೆಯ ಎಲ್ಲ ಗ್ಯಾಲಕ್ಸಿಗಳನ್ನೂ ಕೆಡಿಸಿದ್ದಳು.

ಕೋಣೆಯಲ್ಲಿ ಯಾರಿಗೂ ಯಾವ ಅನುಮಾನವೂ ಇರಲಿಲ್ಲ. ಕೇಕು ಹಂಚಿದರು. ದೊಡ್ಡಮ್ಮ ತನ್ನ ತುಂಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ನನಗೆ ಕೊಟ್ಟಳು.

ಆ ಸಂಜೆ ಅವಳು ಅಂಗಡಿಯಲ್ಲಿ ಕೂತು ಒಂದು ಬಿಳಿ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನಾನು ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದೆ. ದೊಡ್ಡಪ್ಪ ಮಿಷನ್ ನಿಲ್ಲಿಸಿ ಅವಳ ಕೈಯನ್ನೇ ನೋಡಿದರು. ಅಂಗಿಯ ಮೇಲೆ ಕೆಂಪು ಚುಕ್ಕೆಗಳಿದ್ದವು. ಸೂಜಿ ಬೆರಳಿಗೆ ಹೋಗಿ ಬಂದದ್ದು ಅವಳಿಗೆ ತಿಳಿದೇ ಇರಲಿಲ್ಲ.

"ಯಾವಾಗಿಂದ ಹೀಗೆ?" ಎಂದು ಕೇಳಿದರು ದೊಡ್ಡಪ್ಪ.

ಅವಳು ಹೇಳಿದಳು. ಬೆರಳಿನ ಸುದ್ದಿ, ನೀಲಿ ಸುತ್ತಿನ ಸುದ್ದಿ, ಮೇಡಂ ತಂದ ಕೇಕಿನ ಸುದ್ದಿ, ಎಲ್ಲ. ದೊಡ್ಡಪ್ಪ ಅಂಗಿಯ ಮೇಲೆ ನೀರು ಹಾಕಿ ತಿಕ್ಕುತ್ತಿದ್ದರು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಕೈ ನೋವೆಂದು ಹೇಳಿ ಮರ್ಯಾದೆಯಿಂದ ಕೆಲಸ ಬಿಟ್ಟರಾಯಿತು ಎಂದರು. ಅವಳ ಮೇಲಿನ ಮರುಕದಿಂದ ಹೇಳಿದ್ದು ಅದು.

"ಆ ಹುಡುಗಿ ಸಭೇಲಿ ನಿಂತ್ಕೊಂಡು ಬೆಳಗಾಯ್ತು ಅಂತಾಳೆ ರೀ" ಎಂದಳು ದೊಡ್ಡಮ್ಮ. "ಆಗಿಲ್ಲ ಅಂತ ನನಗೊಬ್ಬಳಿಗೇ ಗೊತ್ತು."

ದೊಡ್ಡಪ್ಪ ಅಂಗಿಯನ್ನು ಹಿಂಡಿ ಹಗ್ಗಕ್ಕೆ ಹಾಕಿದರು. ಮರುದಿನ ವ್ಯಾನು ಬಂದಾಗ ಅವಳ ಚೀಲವನ್ನು ತಾವೇ ಎತ್ತಿಕೊಂಡು ರಸ್ತೆಯವರೆಗೆ ಹೋದರು. ಅದು ಅವರ ಅಭ್ಯಾಸವಲ್ಲ.

ತಟ್ಟೆ ಕೋಣೆಯಲ್ಲಿ ಹಿಂದಿನ ದಿನ ಕೂರಿಸಿದ ತಟ್ಟೆಯೊಂದು ಇನ್ನೂ ಮೇಲಕ್ಕೆ ಹೋಗದೆ ಪೆಟ್ಟಿಗೆಯಲ್ಲೇ ಇತ್ತು. ದೊಡ್ಡಮ್ಮ ರೇಡಿಯೋಳನ್ನು ಅದರ ಮುಂದೆ ಕೂರಿಸಿ, ನೀಲಿ ಸುತ್ತಿನ ಎಳೆಗಳನ್ನು ಒಂದೊಂದಾಗಿ ಒತ್ತಿ ನೋಡು ಎಂದಳು. ಏಕೆಂದು ಕೇಳಿದ್ದಕ್ಕೆ, ಸುಮ್ಮನೆ ನೋಡು ಎಂದಳು. ರೇಡಿಯೋ ಅತ್ತೆಯ ಹಲ್ಲುನೋವಿನ ವಿಷಯ ಹೇಳುತ್ತಲೇ ಮೊದಲನೆಯದನ್ನು ಒತ್ತಿದಳು. ಅದು ಒಳಗಿಳಿಯಿತು. ರೂಢಿಯಂತೆ "ಕೂತಿತು" ಎಂದಳು. ಎರಡನೆಯದೂ ಇಳಿಯಿತು. "ಕೂತಿತು." ಮೂರನೆಯದು. "ಕೂತಿತು." ಹಲ್ಲುನೋವಿನ ಕಥೆ ನಿಂತಿತು. ಅವಳು ತಟ್ಟೆಯ ಸುತ್ತ ಬಂದಳು. ಕೆಲವು ಅಲುಗಲಿಲ್ಲ, ಹೆಚ್ಚಿನವು ಇಳಿದವು. ಇಳಿದಾಗಲೆಲ್ಲ ಅವಳ ಬಾಯಿಂದ ಅದೇ ಒಂದು ಮಾತು, ಪ್ರತಿ ಸಲವೂ ಇನ್ನಷ್ಟು ಮೆಲ್ಲಗೆ. ಸುತ್ತು ಮುಗಿದ ಮೇಲೆ ಅವಳು ಸುಮ್ಮನಾದಳು. ರೇಡಿಯೋ ಸುಮ್ಮನಾದದ್ದಕ್ಕೆ ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರಂತೆ.

"ಬೆರಳು ಹೋಗಿದೆ ಕಣೇ" ಎಂದಳು ದೊಡ್ಡಮ್ಮ.

"ನನಗೆ ಹೇಳಬಾರದಿತ್ತಾ ಅಕ್ಕ? ದಿನಾ ಎದುರಿಗೇ ಇದ್ದೆನಲ್ಲ."

"ನೀನು ಬಾಯಿ ಮುಚ್ಚಿದ್ದರೆ ತಾನೇ ಹೇಳೋದು."

ಇಬ್ಬರೂ ಅತ್ತರೋ ನಕ್ಕರೋ ನನಗೆ ಸರಿಯಾಗಿ ಗೊತ್ತಿಲ್ಲ. ಒಬ್ಬಳು ಒಂದು ಹೇಳುತ್ತಾಳೆ, ಇನ್ನೊಬ್ಬಳು ಇನ್ನೊಂದು.

ಫೋರ್‌ಮನ್ ಮೇಡಂಗೆ ಹೇಳಿ ಕಳಿಸಿದರು. ಮೇಡಂ ಬಂದು ಎಲ್ಲ ಕೇಳಿಸಿಕೊಂಡು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಯಾವ ತಟ್ಟೆಯಿಂದ ಎಂದು ಕೇಳಿದರು. ಚಳಿ ಮುಗಿದು ಬಂದ ಮೊದಲ ತಟ್ಟೆಯಿಂದ ಎಂದಳು ದೊಡ್ಡಮ್ಮ. ಬೆಳಕು ಕಂಡ ತಟ್ಟೆಗಳೆಲ್ಲ ಅದರಿಂದ ಈಚಿನವೇ. ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎದ್ದು ಮೆಟ್ಟಿಲು ಹತ್ತಿ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು ಎಂದು ದೊಡ್ಡಮ್ಮ ಹೇಳುತ್ತಾಳೆ.

ಕೆಲವು ದಿನಗಳ ಮೇಲೆ ಮೇಡಂ ತಾವಾಗಿ ಇಳಿದು ಬಂದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹಳೆಯ ತಟ್ಟೆಗಳ ಬೆಳಕಿನ ಜೊತೆ ಇಟ್ಟು ನೋಡಿದರೆ ನೀವು ಹೇಳಿದ್ದು ನಿಜ ಎಂದು ಕಾಣುತ್ತದೆ, ಸಭೆಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದರು. ಆ ತಟ್ಟೆಗಳನ್ನೆಲ್ಲ ಮತ್ತೆ ಕೂರಿಸಿ ಮತ್ತೆ ನೋಡಬೇಕು. ಆದರೆ ಆಕಾಶದ ಆ ತುಂಡುಗಳು ಈಗ ಸೂರ್ಯನ ಕಡೆ ಸರಿದಿದ್ದವು. ಅವು ಮತ್ತೆ ರಾತ್ರಿಯೊಳಗೆ ಬರುವವರೆಗೆ ಕಾಯಬೇಕಿತ್ತು. ಬಾಗಿಲ ಬಳಿ ನಿಂತು ಅವರು ಇನ್ನೊಂದು ಮಾತು ಹೇಳಿದರು: "ನೀಲಿ ಸುತ್ತು ಯಾಕೆ ಅಂತ ನಾನು ಮೊದಲನೇ ದಿನವೇ ಇಳಿದು ಬಂದು ಹೇಳಬೇಕಿತ್ತು ಅಮ್ಮಾ."

ದೊಡ್ಡಮ್ಮನನ್ನು ಎಳೆ ಕೂರಿಸುವ ಕೆಲಸದಿಂದ ತೆಗೆದರು. ಅದು ಸರಿಯೇ ಎಂದು ಅವಳೇ ಹೇಳಿದಳು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಎಂದು ಡಾಕ್ಟರು ಹೇಳಿ ಆಪರೇಷನ್ ಮಾಡಿದರು. ನೋವು ಹೋಯಿತು, ಸ್ಪರ್ಶ ಬರಲಿಲ್ಲ. ಬೇಗ ಬಂದಿದ್ದರೆ ಬರುತ್ತಿತ್ತೇನೋ ಎಂದರು. ಗುಡ್ಡದವರು ಅವಳಿಗೆ ಬಳಸಿದ ತಟ್ಟೆಗಳಿಂದ ಎಳೆ ಬಿಚ್ಚುವ, ತುದಿ ಒರೆಸುವ ಕೆಲಸ ಕೊಟ್ಟರು. ಎಳೆಯುವುದಕ್ಕೆ ಬೆರಳ ತುದಿ ಬೇಕಿಲ್ಲ, ಕಣ್ಣೂ ತಾಳ್ಮೆಯೂ ಸಾಕು. ವ್ಯಾನು ಮೊದಲಿನಂತೆ ಬಂದು ಹಾರನ್ ಹೊಡೆಯಿತು. ಆದರೂ ಆ ತಿಂಗಳುಗಳಲ್ಲಿ ಅವಳು ಮನೆಯಲ್ಲಿ ಬಹಳ ಕಡಿಮೆ ಮಾತಾಡಿದಳು. ಡಬ್ಬಿಗೆ ಮುಚ್ಚಳ ಹಾಕಿದರೆ ಎಡಗೈಯಿಂದ ಮತ್ತೊಮ್ಮೆ ಒತ್ತಿ ನೋಡುವಳು.

ವರ್ಷ ತಿರುಗಿ ಆ ತಟ್ಟೆಗಳು ಗೋದಾಮಿನಿಂದ ಮತ್ತೆ ಹೊರಬಂದವು. ಕೂರಿಸಿದ್ದು ರೇಡಿಯೋ. ಈ ಸಲ ಅವಳು ನೀಲಿ ಸುತ್ತಿನ ತೂತುಗಳನ್ನೇ ಮೊದಲು ಹಿಡಿದಳು. ಒಂದೊಂದಕ್ಕೂ "ಕೂತಿತು" ಎಂದು, ಎರಡು ಮೇಜಿನಾಚೆ ತುದಿ ಒರೆಸುತ್ತಿದ್ದ ದೊಡ್ಡಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಅವುಗಳ ನಡುವೆ ಬೇರೆ ಮಾತಾಡಲಿಲ್ಲ. ಕೊನೆಯ ತಟ್ಟೆಯಲ್ಲಿ ಕೊನೆಯ ನೀಲಿ ಸುತ್ತು ಉಳಿದಾಗ ಫೋರ್‌ಮನ್ ಕಡೆ ನೋಡಿದಳು. ಅವರು ಕಿಟಕಿಯ ಕಡೆ ತಿರುಗಿ ನಿಂತರು.

"ಬಾ ಅಕ್ಕ" ಎಂದಳು ರೇಡಿಯೋ. "ನೀನು ಹಾಕು. ನಾನು ಹೇಳ್ತೀನಿ."

ದೊಡ್ಡಮ್ಮ ಕೈ ಒರೆಸಿಕೊಂಡು ಬಂದಳು. ಎಳೆಯನ್ನು ಕಣ್ಣಿನಿಂದಲೇ ನೋಡಿ ಹಿಡಿದು ತೂತಿಗೆ ಇಳಿಸಿ ಒತ್ತಿದಳು. ರೇಡಿಯೋ ತನ್ನ ಬೆರಳನ್ನು ಅವಳ ಬೆರಳಿನ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು.

"ಇಲ್ಲ. ಇನ್ನೂ ಇಲ್ಲ."

ದೊಡ್ಡಮ್ಮ ಇನ್ನಷ್ಟು ಒತ್ತಿದಳು.

"ಈಗ."

ದೊಡ್ಡಮ್ಮ ಬಾಯಿ ತೆರೆದಳು, ಆದರೆ ಹೇಳಲಿಲ್ಲ. ರೇಡಿಯೋಳೇ ಹೇಳಿದಳು: "ಕೂತಿತು."

ಆ ತಟ್ಟೆಗಳ ಬೆಳಕನ್ನು ಓದಿ ಮುಗಿಸಿದ ಮೇಲೆ ಮೇಡಂ ಒಂದು ಉದ್ದನೆಯ ಕಾಗದ ತಂದು ಒರೆಸುವ ಮೇಜಿನ ಮೇಲೆ ಹಾಸಿದರು. ಎಲ್ಲಕ್ಕಿಂತ ದೂರದ ಗ್ಯಾಲಕ್ಸಿಯೊಂದರ ಬೆಳಕು ಗೆರೆಯಾಗಿ ಏರಿಳಿದು ಬಂದು, ಒಂದು ಕಡೆ ನೆಲಕ್ಕೆ ಇಳಿದು, ಅಲ್ಲಿಂದ ಬಹಳ ದೂರ ಮಲಗಿಯೇ ಇತ್ತು. ದೊಡ್ಡಮ್ಮ ಆ ಮಲಗಿದ ಗೆರೆಯ ಮೇಲೆ ಎಡಗೈ ಬೆರಳಾಡಿಸಿದಳು.

"ಇಲ್ಲಿ ಏನೂ ಇಲ್ವಲ್ಲ ಮೇಡಂ."

"ಇಲ್ಲ ಅಮ್ಮಾ. ಆಗ ಇನ್ನೂ ಮಂಜು ಇತ್ತು."

ದೊಡ್ಡಮ್ಮ ತಲೆಯಾಡಿಸಿದಳು. ರೇಡಿಯೋ ಕತ್ತು ಚಾಚಿ ನೋಡಿ, ಏನೂ ಇಲ್ಲದ್ದಕ್ಕೆ ಎರಡು ವರ್ಷ ಹಿಡಿಯಿತಲ್ಲ ಎಂದಳು. ಮೇಡಂ ಬಹಳ ದಿನಗಳ ಮೇಲೆ ನಕ್ಕರು. ದೊಡ್ಡಮ್ಮ ಕಾಗದವನ್ನು ಮಡಿಕೆ ಬೀಳದಂತೆ ಸುತ್ತಿ ಅವರ ಕೈಗೆ ಕೊಟ್ಟು, ಮುಂದಿನ ಎಳೆಯನ್ನು ಒರೆಸಲು ಎತ್ತಿಕೊಂಡಳು.